ಇಂಜೆಕ್ಷನ್ ಬಿಟ್ಟು ಹಾರ್ಮೋನ್‌ಗೆ ಹೋಗಲಾ ಅಂತ ಕೇಳಿದವರಿಗೆ

ಬಿಡಬೇಡಿ. ಮೊದಲು ಇಷ್ಟು ಹೇಳಿಬಿಡ್ತೀನಿ, ಆಮೇಲೆ ಕತೆ.

ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ನಮ್ಮದೇ ರೋಗನಿರೋಧಕ ಶಕ್ತಿ ಮೆದುಳು, ನರಗಳ ಮೇಲೆ ಬೀಳೋ ಕಾಯಿಲೆ) ಗೊತ್ತಾಗಿ ಒಂದು ವರ್ಷ, ಅದಕ್ಕೆ ಕೊಡೋ ಗ್ಲಾಟಿರಾಮರ್ ಇಂಜೆಕ್ಷನ್ ದಿನಾ ಚುಚ್ಚಿಕೊಂಡು ಸಾಕಾಗಿದೆ, ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಮೆದುಳನ್ನು ಕಾಪಾಡುತ್ತಂತೆ, ಮದುವೆ ಮಾತುಕತೆ ಬೇರೆ ನಡೀತಿದೆ, ಅದಕ್ಕೆ ಬದಲಾಯಿಸಲಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ನನಗೂ ಬಂದಿತ್ತು. ನೀವು ಕೇಳಿದ್ದೀರಿ, ನಾನು ಯಾರನ್ನೂ ಕೇಳಲಿಲ್ಲ.

ದಾವಣಗೆರೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಫಾಲ್, ಲೈನಿಂಗ್, ಬ್ಲೌಸ್ ಪೀಸ್ ಮಾರ್ತೀನಿ, ಒಳಗೆ ಪಿಕೋ ಮಷಿನ್ ಇದೆ. ಎಂಎಸ್ ಶುರುವಾಗಿದ್ದು ಎಡಗಾಲು ಜೋಮು ಹಿಡಿದು. ಎಂಆರ್‌ಐ ಆಯ್ತು, ಹೆಸರು ಗೊತ್ತಾಯ್ತು. ಔಷಧಿ ಯಾವುದು ಅಂತ ತೀರ್ಮಾನ ಆಗೋ ಮೊದಲೇ ಗರ್ಭಿಣಿ ಆದೆ. ಏಳನೇ ತಿಂಗಳಿಂದ ನಾನು ಎಷ್ಟು ಚೆನ್ನಾಗಿದ್ದೆ ಅಂದ್ರೆ, ಸ್ಟೂಲ್ ಹತ್ತಿ ಮೇಲಿನ ಖಾನೆಯಿಂದ ಲೈನಿಂಗ್ ಬಂಡಲ್ ಇಳಿಸ್ತಿದ್ದೆ. ನಮ್ಮ ಅತ್ತೆ ಕೂಗಾಡ್ತಿದ್ದರು. ಹೆರಿಗೆ ಆಗಿ ಎರಡನೇ ತಿಂಗಳಿಗೆ ಬಲಗೈ ಬೆರಳಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ.

ಇದು ನನ್ನೊಬ್ಬಳ ಅನುಭವ ಅಲ್ಲ. 1998ರಲ್ಲಿ ಯುರೋಪಿನ 12 ದೇಶಗಳ 254 ಎಂಎಸ್ ಹೆಂಗಸರನ್ನು ಗಮನಿಸಿದ ಅಧ್ಯಯನ ಬಂತು. ಗರ್ಭಿಣಿ ಆಗೋ ಮೊದಲು ಒಬ್ಬೊಬ್ಬರಿಗೆ ವರ್ಷಕ್ಕೆ ಸರಾಸರಿ 0.7 ರಿಲ್ಯಾಪ್ಸ್, ಅಂದರೆ ರೋಗ ಮತ್ತೆ ಕೆರಳೋದು. ಕೊನೇ ಮೂರು ತಿಂಗಳಲ್ಲಿ ಆ ದರ 0.2ಕ್ಕೆ ಇಳೀತು. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ 1.2ಕ್ಕೆ ಏರಿತು. ಗರ್ಭದಲ್ಲಿ ಏನೋ ಒಂದು ಕಾಪಾಡ್ತಿದೆ, ಮಗು ಹೊರಗೆ ಬಂದ ತಕ್ಷಣ ಅದು ಹೋಗಿಬಿಡ್ತಿದೆ. ಆ ‘ಏನೋ’ ಒಂದರಲ್ಲಿ ಮುಖ್ಯವಾದದ್ದು ಎಸ್ಟ್ರಿಯಾಲ್ ಇರಬಹುದು ಅನ್ನೋದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ಡಾ. ರೋಂಡಾ ವೊಸ್ಕೂಲ್ ಅವರ ವಾದ. ಎಸ್ಟ್ರಿಯಾಲ್ ಕೂಡ ಒಂದು ಈಸ್ಟ್ರೋಜನ್. ಗರ್ಭಿಣಿಯಾದಾಗ ಮಾಸು ಅದನ್ನು ಹೇರಳವಾಗಿ ತಯಾರಿಸುತ್ತೆ, ಉಳಿದ ದಿನಗಳಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಹೆರಿಗೆ ನಂತರ ನನಗೂ ಗ್ಲಾಟಿರಾಮರ್ ಶುರುವಾಯ್ತು. ನಿಮಗೆ ಹೇಳಬೇಕಾ? ತೊಡೆ ಮೇಲೆ ಗಂಟು, ಹೊಟ್ಟೆ ಮೇಲೆ ಕೆಂಪು ಬುಗುಟು, ಕರೆಂಟ್ ಹೋದರೆ ಫ್ರಿಜ್ಜಿನಲ್ಲಿಟ್ಟ ಸಿರಿಂಜ್‌ಗಳ ಚಿಂತೆ. ಅಷ್ಟರಲ್ಲಿ ನಮ್ಮಣ್ಣನ ಮಗಳು ಒಂದು ಪ್ರಿಂಟ್ ಔಟ್ ತಂದುಕೊಟ್ಟಳು. ಡಾ. ವೊಸ್ಕೂಲ್ ತಂಡದ ಪ್ರಯೋಗ, 2016ರಲ್ಲಿ ಪ್ರಕಟವಾಗಿದ್ದು. ಎಸ್ಟ್ರಿಯಾಲ್ ತಗೊಂಡವರಲ್ಲಿ ರಿಲ್ಯಾಪ್ಸ್ ಕಮ್ಮಿ ಅಂತ ಇತ್ತು. ನಾನು ಓದಿದ್ದು ಅಷ್ಟೇ.

ಮುಟ್ಟು ಸರಿಯಿಲ್ಲ ಅಂತ ಲೇಡಿ ಡಾಕ್ಟರ್ ಕೊಟ್ಟ ಹಾರ್ಮೋನ್ ಮಾತ್ರೆ ಆಗಲೇ ನುಂಗ್ತಿದ್ದೆ. ಇನ್ನೇನು, ಹಾರ್ಮೋನ್ ಹೇಗೂ ಹೊಟ್ಟೆಗೆ ಹೋಗ್ತಿದೆ, ಈ ಸೂಜಿ ಯಾಕೆ ಅಂತ ಸುಮ್ನೆ ನಿಲ್ಲಿಸಿಬಿಟ್ಟೆ. ನ್ಯೂರಾಲಜಿಸ್ಟ್‌ಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ನಾನು ಎಲ್ಲಿ ಎಡವಿದೆ ಅನ್ನೋದನ್ನು ನಿಧಾನವಾಗಿ ಹೇಳ್ತೀನಿ, ಬೇಜಾರಾದರೂ ಓದಿ. ನನ್ನ ತಲೆಯಲ್ಲಿ ಲೆಕ್ಕ ಹೀಗಿತ್ತು: ಒಂದು ಗುಂಪಿನವರು ಹಾರ್ಮೋನ್ ತಗೊಂಡರು, ಇನ್ನೊಂದು ಗುಂಪಿನವರು ಏನೂ ತಗೊಳ್ಳಲಿಲ್ಲ, ಹಾರ್ಮೋನ್ ಗೆದ್ದಿತು. ಅಲ್ಲಿ ನಡೆದಿದ್ದು ಅದಲ್ಲ. ಒಟ್ಟು 164 ಹೆಂಗಸರು. ಎಲ್ಲರಿಗೂ ದಿನಾ 20 ಮಿಲಿಗ್ರಾಂ ಗ್ಲಾಟಿರಾಮರ್ ಇಂಜೆಕ್ಷನ್. ಎಲ್ಲರಿಗೂ! ಅದರ ಮೇಲೆ 83 ಜನಕ್ಕೆ 8 ಮಿಲಿಗ್ರಾಂ ಎಸ್ಟ್ರಿಯಾಲ್ ಮಾತ್ರೆ, 81 ಜನಕ್ಕೆ ನೋಡೋಕೆ ಅದೇ ಥರ ಇರೋ, ಔಷಧಿ ಇಲ್ಲದ ಮಾತ್ರೆ. ಎರಡು ವರ್ಷದ ಕೊನೆಗೆ ವಾರ್ಷಿಕ ರಿಲ್ಯಾಪ್ಸ್ ದರ ಎಸ್ಟ್ರಿಯಾಲ್ ಕಡೆ 0.25, ಇನ್ನೊಂದು ಕಡೆ 0.37. ಅಂದರೆ ನೂರು ಹೆಂಗಸರಿದ್ದರೆ ವರ್ಷಕ್ಕೆ 25 ರಿಲ್ಯಾಪ್ಸ್ ಅಥವಾ 37 ರಿಲ್ಯಾಪ್ಸ್. ಆ 37ರ ಕಡೆಯವರು ಕೂಡ ಇಂಜೆಕ್ಷನ್ ತಗೊಳ್ತಿದ್ದವರೇ. ಇಂಜೆಕ್ಷನ್ ಬಿಟ್ಟು ಬರೀ ಎಸ್ಟ್ರಿಯಾಲ್ ನುಂಗಿದವರ ಗುಂಪು ಆ ಪ್ರಯೋಗದಲ್ಲಿ ಇರಲೇ ಇಲ್ಲ. ಇಲ್ಲದ ಗುಂಪಿಗೆ ನಾನು ಹೋಗಿ ಸೇರಿಕೊಂಡಿದ್ದೆ.

ಸರಿ, ಎಸ್ಟ್ರಿಯಾಲ್ ಆದರೂ ನುಂಗ್ತಿದ್ದೆನಾ? ಅದೂ ಇಲ್ಲ. ನನ್ನ ಮಾತ್ರೆಯಲ್ಲಿ ಇದ್ದದ್ದು ಗರ್ಭನಿರೋಧಕಗಳಲ್ಲಿ ಹಾಕೋ ಇಥಿನೈಲ್ ಎಸ್ಟ್ರಾಡಯಾಲ್. ಅದೇ ಬೇರೆ, ಇದೇ ಬೇರೆ.

ಶ್ರಾವಣದ ಸೀಸನ್. ಒಬ್ಬರು ಕುಂಕುಮ ಬಣ್ಣದ ರೇಷ್ಮೆ ಸೀರೆ ತಂದು ಫಾಲ್ ಕೇಳಿದರು. ಬಲಗಣ್ಣು ಎರಡು ದಿನದಿಂದ ನೋಯ್ತಿತ್ತು, ಪಕ್ಕಕ್ಕೆ ತಿರುಗಿಸಿದರೆ ಜಾಸ್ತಿ. ಫಾಲ್ ತೆಗೆದು ಸೀರೆ ಮೇಲೆ ಇಟ್ಟೆ, ಸರಿಹೋಯ್ತು. ಯಾಕೋ ಎಡಗಣ್ಣನ್ನು ಉಜ್ಜಿಕೊಂಡೆ. ಆ ಒಂದು ಕ್ಷಣ ಬಲಗಣ್ಣಲ್ಲಿ ಮಾತ್ರ ನೋಡಿದಾಗ ಸೀರೆಯೂ ಫಾಲೂ ಎರಡೂ ಮಾಸಿದ ಇಟ್ಟಿಗೆ ಬಣ್ಣ. ಮತ್ತೆ ಕಣ್ಣು ಬಿಟ್ಟೆ, ಕುಂಕುಮ. ಮುಚ್ಚಿದೆ, ಇಟ್ಟಿಗೆ. ಆಕೆ “ಏನಾಯ್ತಕ್ಕಾ” ಅಂತ ಕೇಳೋವರೆಗೂ ಹಾಗೇ ಮಾಡ್ತಾ ನಿಂತಿದ್ದೆ.

ಆಪ್ಟಿಕ್ ನ್ಯೂರೈಟಿಸ್. ಅಂದರೆ ಕಣ್ಣಿನ ನರದ ಉರಿಯೂತ. ಎಂಆರ್‌ಐನಲ್ಲಿ ಹೊಸ ಚುಕ್ಕೆಗಳೂ ಇದ್ದವು. ದಿನಕ್ಕೆ ಒಂದು ಗ್ರಾಂ ಮೀಥೈಲ್ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್, ಡ್ರಿಪ್ಪಿನಲ್ಲಿ. ಬಾಯಲ್ಲಿ ಕಬ್ಬಿಣದ ರುಚಿ, ರಾತ್ರಿಯೆಲ್ಲ ನಿದ್ದೆ ಇಲ್ಲ. ಇಂಜೆಕ್ಷನ್ ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲ, ಔಷಧಿ ತಗೊಳ್ಳೋರಿಗೂ ರಿಲ್ಯಾಪ್ಸ್ ಬರುತ್ತೆ ಅಂತ ಡಾಕ್ಟರ್ ಸಮಾಧಾನ ಮಾಡಿದರು. ನನಗೆ ಸಮಾಧಾನ ಆಗಲಿಲ್ಲ. ದೃಷ್ಟಿ ಬಹುಪಾಲು ವಾಪಸ್ ಬಂತು. ಬಲಗಣ್ಣಿಗೆ ಕೆಂಪು ಮಾತ್ರ ಪೂರ್ತಿ ಬರಲಿಲ್ಲ. ಈಗ ಕೆಂಪು, ಮರೂನ್, ರಾಣಿ ಬಣ್ಣ ಬಂದರೆ ಅಂಗಡಿ ಹುಡುಗಿಯನ್ನು ಒಂದು ಸಲ ಕೇಳಿಯೇ ಕತ್ತರಿ ಹಾಕ್ತೀನಿ.

ಸ್ಟೀರಾಯ್ಡ್ ಕೂಡ ಹಾರ್ಮೋನ್ ಜಾತಿಯದೇ ಅಲ್ವಾ, ಅದು ಮೆದುಳು ಕಾಪಾಡಲ್ವಾ ಅಂತ ನಮ್ಮೆಜಮಾನರು ಕೇಳಿದ್ದರು. ಜಾತಿ ಅದೇ, ಕೆಲಸ ಬೇರೆ. ಅದು ಉರೀತಿರೋ ಬೆಂಕಿ ಬೇಗ ಆರಿಸುತ್ತೆ ಅಷ್ಟೇ. ವರ್ಷಗಳ ಮೇಲೆ ಆಗೋ ನಷ್ಟವನ್ನು ತಡೆಯಲ್ಲ.

ಹಾಗಂತ ಹಾರ್ಮೋನ್ ವಿಷಯವೇ ಪೊಳ್ಳು ಅಂತ ನಾನು ಹೇಳ್ತಿಲ್ಲ. ನನಗೆ ಅದರ ಮೇಲೆ ಈಗಲೂ ಆಸೆ ಇದೆ. ಸೀರೆ ಅಂಚು ಸವೆಯದ ಹಾಗೆ ಫಾಲ್ ಇರುತ್ತಲ್ಲ, ನರಕ್ಕೆ ಮಯಲಿನ್ ಅನ್ನೋ ಹೊದಿಕೆ ಹಾಗೆ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ಕೋಶಗಳು ಅದನ್ನು ಕೀಳ್ತವೆ. ಈಗಿರೋ ಔಷಧಿಗಳೆಲ್ಲ ಬಹುಮಟ್ಟಿಗೆ ಕೀಳೋರನ್ನು ತಡೆಯೋ ಕೆಲಸ ಮಾಡ್ತವೆ. ಕಿತ್ತಿದ್ದನ್ನು ಮತ್ತೆ ಹಾಕೋದು ಯಾರು? ಇಲಿಗಳ ಮೇಲಿನ ಕೆಲಸದಲ್ಲಿ, ಈಸ್ಟ್ರೋಜನ್‌ನ ಬೀಟಾ ರಿಸೆಪ್ಟರ್ (ಕೋಶದಲ್ಲಿ ಹಾರ್ಮೋನ್ ಬಂದು ಕೂರೋ ಜಾಗ) ಚುರುಕಾದರೆ ಮಯಲಿನ್ ತಯಾರಿಸೋ ಕೋಶಗಳು ಮತ್ತೆ ಕೆಲಸಕ್ಕೆ ಇಳಿಯೋದು ಕಂಡಿದೆ. ಗಂಡಸರಲ್ಲೂ 2007ರಲ್ಲಿ ಒಂದು ಸಣ್ಣ ಪ್ರಯೋಗ ಆಯ್ತು. ಹತ್ತೇ ಜನ, ಒಂದು ವರ್ಷ ದಿನಾ ಟೆಸ್ಟೊಸ್ಟಿರಾನ್ ಜೆಲ್ ಹಚ್ಚಿಕೊಂಡರು. ಮೆದುಳು ಕುಗ್ಗೋ ವೇಗ ಕಮ್ಮಿ ಆಯ್ತು, ಯೋಚನೆಯ ಪರೀಕ್ಷೆಯಲ್ಲೂ ಸುಧಾರಣೆ ಕಂಡಿತು. ಆದರೆ ಹೋಲಿಸೋಕೆ ಬೇರೆ ಗುಂಪು ಇರಲಿಲ್ಲ, ಅವರದೇ ಹಿಂದಿನ ತಿಂಗಳುಗಳ ಜೊತೆ ಹೋಲಿಸಿದ್ದರು.

ಇನ್ನೊಂದು ಕಡೆ, ಹೆರಿಗೆ ನಂತರದ ರಿಲ್ಯಾಪ್ಸ್ ತಡೆಯೋಕೆ ಅಂತ ಯುರೋಪಿನಲ್ಲಿ ಬಾಣಂತಿಯರಿಗೆ ಪ್ರೊಜೆಸ್ಟಿನ್ ಹಾರ್ಮೋನ್ ಮಾತ್ರೆ, ಜೊತೆಗೆ ಚರ್ಮಕ್ಕೆ ಅಂಟಿಸೋ ಎಸ್ಟ್ರಾಡಯಾಲ್ (ಇನ್ನೊಂದು ಈಸ್ಟ್ರೋಜನ್) ಪಟ್ಟಿ ಕೊಟ್ಟು ನೋಡಿದರು. ಪ್ರಯೋಜನ ಆಗಲಿಲ್ಲ. ಯಾವ ಹಾರ್ಮೋನ್, ಎಷ್ಟು, ಯಾವಾಗ ಅನ್ನೋದೇ ಮುಖ್ಯ ಅಂತ ನನಗೆ ಗೊತ್ತಾಗಿದ್ದು ಇದನ್ನು ಓದಿದಾಗ. 2016ರ ಪ್ರಯೋಗ ಕೂಡ ಎರಡನೇ ಹಂತದ್ದು. ಪಾಸಾಗೋ ಗೆರೆಯನ್ನು ಮೊದಲೇ ಸ್ವಲ್ಪ ಸಡಿಲವಾಗಿ ಎಳೆದುಕೊಂಡಿದ್ದರು. ಇನ್ನೂ ದೊಡ್ಡ ಪ್ರಯೋಗ ಬೇಕು ಅಂತ ಅವರೇ ಬರೆದಿದ್ದಾರೆ. ಎಸ್ಟ್ರಿಯಾಲ್ ಕಡೆಯವರಲ್ಲಿ ಮುಟ್ಟಿನ ಏರುಪೇರು ಜಾಸ್ತಿ ಇತ್ತು. ಈಸ್ಟ್ರೋಜನ್ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಇರೋದರಿಂದ, ಓಡಾಟ ಕಮ್ಮಿ ಇರೋ ಎಂಎಸ್ ಹೆಂಗಸರು ಇನ್ನೂ ಹುಷಾರಾಗಿರಬೇಕು.

ಅದಕ್ಕೇ ‘ಇದಾ, ಅದಾ’ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ನಿಮ್ಮ ಮಾತಲ್ಲಿ ಹಾರ್ಮೋನ್ ಆಸೆಗಿಂತ ಸೂಜಿ ಬೇಜಾರೇ ಜಾಸ್ತಿ ಕಾಣುತ್ತೆ. ಹಾಗಿದ್ದರೆ ಡಾಕ್ಟರ್ ಹತ್ತಿರ ಸೂಜಿ ಬಗ್ಗೆಯೇ ಮಾತಾಡಿ. ಗ್ಲಾಟಿರಾಮರ್ 40 ಮಿಲಿಗ್ರಾಂನದು ವಾರಕ್ಕೆ ಮೂರೇ ಸಲ ಸಾಕು. ಡೈಮೀಥೈಲ್ ಫ್ಯೂಮರೇಟ್ ಥರದ ನುಂಗೋ ಔಷಧಿಗಳೂ ಇವೆ. ನಾನು ಈಗ ವಾರಕ್ಕೆ ಮೂರರಲ್ಲಿದ್ದೀನಿ, ಆರಾಮಾಗಿದ್ದೀನಿ. ಇದು ಮೊದಲೇ ಗೊತ್ತಿದ್ದರೆ ಆ ಪ್ರಿಂಟ್ ಔಟ್ ನನಗೆ ಅಷ್ಟು ಸಿಹಿ ಅನ್ನಿಸ್ತಿರಲಿಲ್ಲ.

ಮದುವೆ ವಿಷಯ. ನುಂಗೋ ಎಂಎಸ್ ಔಷಧಿಗೆ ಬದಲಾಯಿಸೋ ಮೊದಲು ಮಗು ಬೇಕು ಅನ್ನೋ ಯೋಚನೆ ಇದೆಯಾ ಅಂತ ಡಾಕ್ಟರ್‌ಗೆ ತಿಳಿಸಿ. ಫಿಂಗೊಲಿಮಾಡ್ ಅನ್ನೋ ನುಂಗೋ ಔಷಧಿ ಆದರೆ ಗರ್ಭಿಣಿ ಆಗೋಕೆ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು, ಗ್ಲಾಟಿರಾಮರ್‌ಗೆ ಆ ತಾಪತ್ರಯ ಕಮ್ಮಿ. ಹೆರಿಗೆ ಆದ ಮೇಲೆ ಯಾವ ಔಷಧಿ, ಯಾವ ವಾರದಿಂದ ಅನ್ನೋದನ್ನು ಬಸುರಿ ಇರುವಾಗಲೇ ಬರೆಸಿಕೊಂಡಿರಿ, ಬಾಣಂತನದಲ್ಲಿ ಯಾರಿಗೂ ನೆನಪಿರಲ್ಲ. ಮುಹೂರ್ತ ಗೊತ್ತಾದ ದಿನ ಛತ್ರದವರಿಗೆ ಫೋನ್ ಮಾಡೋ ಮೊದಲು ನಿಮ್ಮ ನ್ಯೂರಾಲಜಿಸ್ಟ್‌ಗೆ ಮಾಡಿ.