ಕ್ಲೋರಿನ್ ಅನಲೈಸರ್‌ನ ಅಲಾರಂ ಪದೇ ಪದೇ ಕೂಗುತ್ತಿದೆ. ಡಿಲೇ ಟೈಮರ್ ಎಷ್ಟು ನಿಮಿಷಕ್ಕೆ ಇಡಬೇಕು?

ನೀರಿನ ಕ್ಲೋರಿನ್ ಅಳೆಯುವ ಅನಲೈಸರ್‌ನ ಅಂಕಿ ಮಿತಿ ಮೀರಿದ ಮೇಲೆ ಅಲಾರಂ ಕೂಗುವ ಮೊದಲು ಎಷ್ಟು ಹೊತ್ತು ಕಾಯಬೇಕು, ಹತ್ತು ನಿಮಿಷ ಸಾಕೇ, ಇಪ್ಪತ್ತು ಬೇಕೇ ಎಂದು ಕೇಳಿದ್ದೀರಿ. ಜೊತೆಗೆ, ಡೋಸಿಂಗ್ ಪಂಪನ್ನು ಆಗಾಗ ನಿಲ್ಲಿಸಿಬಿಡುವ ಓವರ್‌ಫೀಡ್ ಟೈಮರನ್ನು ಆಫ್ ಮಾಡಬಹುದೇ ಎಂದೂ ಕೇಳಿದ್ದೀರಿ. ಆಫ್ ಮಾಡಬೇಡಿ. ಈಗಾಗಲೇ ಮಾಡಿದ್ದರೆ, ಮುಂದಿನದನ್ನು ಓದುವ ಮೊದಲು ಹೋಗಿ ಆನ್ ಮಾಡಿ ಬನ್ನಿ.

ನಾನು ಆಗ ಒಂದು ಸಣ್ಣ ನೀರು ಶುದ್ಧೀಕರಣ ಘಟಕದಲ್ಲಿ ಉಪಕರಣಗಳ ಹೊಣೆ ಹೊತ್ತಿದ್ದೆ. ಡೋಸಿಂಗ್ ಪಂಪ್ ಮುಖ್ಯ ಪೈಪಿಗೆ ಕ್ಲೋರಿನ್ ಕೊಡುವ ದ್ರಾವಣವಾದ ಸೋಡಿಯಂ ಹೈಪೊಕ್ಲೋರೈಟ್ ಸೇರಿಸುತ್ತಿತ್ತು. ಸ್ವಲ್ಪ ಮುಂದೆ ಒಂದು ಆಂಪೆರೊಮೆಟ್ರಿಕ್ ಸೆನ್ಸರ್ (ಕ್ಲೋರಿನ್‌ನಿಂದ ಹುಟ್ಟುವ ಸಣ್ಣ ವಿದ್ಯುತ್ ಪ್ರವಾಹ ನೋಡಿ ಅಳೆಯುವಂಥದ್ದು) ಮುಕ್ತ ಕ್ಲೋರಿನ್, ಅಂದರೆ ಸೋಂಕು ನಿವಾರಣೆಗೆ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಅಳೆಯುತ್ತಿತ್ತು. ಅದು ಕಡಿಮೆ ತೋರಿಸಿದರೆ ನಿಯಂತ್ರಕ ಪಂಪಿನ ವೇಗ ಏರಿಸುತ್ತಿತ್ತು, ಹೆಚ್ಚು ತೋರಿಸಿದರೆ ಇಳಿಸುತ್ತಿತ್ತು. ಲೀಟರಿಗೆ 0.3 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಕಡಿಮೆ ಅಲಾರಂ, 2 ಮಿಲಿಗ್ರಾಂ ದಾಟಿದರೆ ಹೆಚ್ಚು ಅಲಾರಂ. ಇವೆರಡರ ಜೊತೆಗೆ ಓವರ್‌ಫೀಡ್ ಟೈಮರ್ ಇತ್ತು. ಗುರಿ ಮುಟ್ಟದೆ ಪಂಪ್ ನಿಗದಿತ ಅವಧಿಗಿಂತ ಹೆಚ್ಚು ಹೊತ್ತು ಓಡಿದರೆ ಅದು ಪಂಪನ್ನು ನಿಲ್ಲಿಸಿ ಅಲಾರಂ ಕೊಡುತ್ತಿತ್ತು. ಬೆಳಗಿನ ಹೊತ್ತು ನೀರಿನ ಬಳಕೆ ಏರಿದಾಗ ಪಂಪ್ ಸಹಜವಾಗಿಯೇ ಹೆಚ್ಚು ಹೊತ್ತು ಓಡುತ್ತಿತ್ತು, ಟೈಮರ್ ಅದನ್ನು ನಿಲ್ಲಿಸುತ್ತಿತ್ತು, ಪಾಳಿಯವರು ಓಡಿ ಬಂದು ರೀಸೆಟ್ ಮಾಡುತ್ತಿದ್ದರು. ದಿನವೂ ಇದೇ ದೂರು. ನಾನು ಟೈಮರನ್ನು ಸೊನ್ನೆಗೆ ಇಟ್ಟೆ. ಆ ಯಂತ್ರದಲ್ಲಿ ಸೊನ್ನೆ ಎಂದರೆ ಆಫ್. ಅದು ನನಗೆ ಗೊತ್ತಿತ್ತು. ಕ್ಲೋರಿನ್ ಹೆಚ್ಚಾದರೆ ಹೇಗೂ ಹೆಚ್ಚು ಅಲಾರಂ ಕೂಗುತ್ತದಲ್ಲ ಎಂದುಕೊಂಡೆ.

ಆ ಎಣಿಕೆ ಎಲ್ಲಿ ತಪ್ಪಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಎಣಿಕೆ ಕಾಣುತ್ತಿದೆ. ಒಂದು ರಾತ್ರಿ, ಸೆನ್ಸರಿಗೆ ನೀರು ತರುವ ಸ್ಯಾಂಪಲ್ ಪೈಪಿನ ಫಿಲ್ಟರ್ ಕೆಸರಿನಿಂದ ಕಟ್ಟಿಕೊಂಡಿತು. ಸೆನ್ಸರ್ ಕೂತಿದ್ದ ಕೋಶದಲ್ಲಿ ನೀರು ನಿಂತುಹೋಯಿತು. ಆಂಪೆರೊಮೆಟ್ರಿಕ್ ಸೆನ್ಸರ್ ಅಳೆಯುವಾಗ ತನ್ನ ಮೇಲ್ಮೈಗೆ ಬಂದ ಕ್ಲೋರಿನ್ನನ್ನು ತಾನೇ ಖರ್ಚು ಮಾಡುತ್ತದೆ. ಹೊಸ ನೀರು ಹರಿದು ಬರುತ್ತಿದ್ದರೆ ಮಾತ್ರ ಅದರ ಅಳತೆಗೆ ಬೆಲೆ. ನಿಂತ ನೀರಿನಲ್ಲಿ ಅಂಕಿ ಸೊನ್ನೆಯತ್ತ ಜಾರಿತು. ನಿಯಂತ್ರಕದ ಪಾಲಿಗೆ ಅದರ ಅರ್ಥ ಒಂದೇ, ನೀರಿನಲ್ಲಿ ಕ್ಲೋರಿನ್ ಇಲ್ಲ. ಪಂಪ್ ಪೂರ್ಣ ವೇಗಕ್ಕೆ ಏರಿತು. ರಾತ್ರಿಯಾದ್ದರಿಂದ ಮುಖ್ಯ ಪೈಪಿನಲ್ಲಿ ಹರಿವೂ ಕಡಿಮೆ ಇತ್ತು. ಹೆಚ್ಚು ಅಲಾರಂ ಕೂಗಲೇ ಇಲ್ಲ. ಕೂಗುವುದಾದರೂ ಹೇಗೆ? ಅದು ನೋಡುತ್ತಿದ್ದದ್ದೂ ಅದೇ ಸತ್ತ ನೀರನ್ನು. ಒಬ್ಬನೇ ಕುರುಡ ಕಾವಲುಗಾರನನ್ನು ಎರಡೂ ಬಾಗಿಲಿಗೆ ನಿಲ್ಲಿಸಿದಂತಾಗಿತ್ತು.

ಕಡಿಮೆ ಅಲಾರಂ ಕೂಗಿತು, ನಿಜ. ಪಾಳಿಯಲ್ಲಿದ್ದವರು ನಿಯಮದಂತೆ ನೀರು ಹಿಡಿದು, ಕ್ಲೋರಿನ್ ಇದ್ದರೆ ಗುಲಾಬಿಯಾಗುವ ಡಿಪಿಡಿ ಎಂಬ ರಾಸಾಯನಿಕದ ಪರೀಕ್ಷೆ ಮಾಡಿದರು. ಗುಲಾಬಿ ಬಣ್ಣ ಕ್ಷಣಕಾಲ ಮಿಂಚಿ ಮಾಯವಾಯಿತು. ಕ್ಲೋರಿನ್ ವಿಪರೀತವಾದಾಗ ಅದು ಡಿಪಿಡಿಯ ಬಣ್ಣವನ್ನೇ ಬಿಳಿಚಿಸಿಬಿಡುತ್ತದೆ. ಪರೀಕ್ಷಾ ನಳಿಕೆ ತಿಳಿಯಾಗಿ ಕಾಣುತ್ತದೆ, ನೋಡುವವರಿಗೆ ಅದು ಸೊನ್ನೆ. ಅವರು ಸೊನ್ನೆ ಎಂದೇ ಬರೆದು, ಕೈಯಾರೆ ಡೋಸ್ ಇನ್ನಷ್ಟು ಏರಿಸಿದರು. ಅವರದು ತಪ್ಪಲ್ಲ. ಬಣ್ಣ ಹೀಗೆ ಮೋಸ ಮಾಡಬಹುದೆಂದು ಹೇಳಿಕೊಡಬೇಕಾಗಿದ್ದವನು ನಾನು.

ಬೆಳಗಾಗುವಷ್ಟರಲ್ಲಿ ನಲ್ಲಿ ನೀರು ಬ್ಲೀಚಿಂಗ್ ಪುಡಿಯಂತೆ ನಾರುತ್ತಿದೆ ಎಂಬ ದೂರುಗಳು ಬಂದವು. ಹಿರಿಯ ರಸಾಯನಶಾಸ್ತ್ರಜ್ಞರೊಬ್ಬರು ಬಂದು ಒಂದು ಪಾಲು ಸ್ಯಾಂಪಲಿಗೆ ಒಂಬತ್ತು ಪಾಲು ಭಟ್ಟಿ ಇಳಿಸಿದ ನೀರು ಬೆರೆಸಿ ಮತ್ತೆ ಪರೀಕ್ಷಿಸಿದರು. ಗಾಢ ಗುಲಾಬಿ ಬಂತು, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿದರು. ಕುಡಿಯುವ ನೀರಿನಲ್ಲಿ ಕ್ಲೋರಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಮಾರ್ಗಸೂಚಿ ಮೌಲ್ಯ ಲೀಟರಿಗೆ 5 ಮಿಲಿಗ್ರಾಂ. ನಾವು ಅದನ್ನು ಬಹಳ ಹಿಂದೆ ಬಿಟ್ಟಿದ್ದೆವು. ಪೂರೈಕೆ ನಿಲ್ಲಿಸಿದೆವು. ಕ್ಲೋರಿನ್ ಮೀನುಗಳನ್ನು ಕೊಲ್ಲುವುದರಿಂದ ತೊಟ್ಟಿಯ ನೀರನ್ನು ಸೋಡಿಯಂ ಥಯೋಸಲ್ಫೇಟಿನಿಂದ ತಟಸ್ಥಗೊಳಿಸಿ, ಆಮೇಲೆ ಹೊರಬಿಟ್ಟೆವು. ಉಪಕರಣಗಳ ಹೊಣೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಅದು ನ್ಯಾಯವೇ ಆಗಿತ್ತು.

ಕಡಿಮೆ ಅಲಾರಂ, ಹೆಚ್ಚು ಅಲಾರಂ ಎರಡೂ ಸೆನ್ಸರ್ ಹೇಳಿದ್ದನ್ನೇ ನಂಬುತ್ತವೆ. ಓವರ್‌ಫೀಡ್ ಟೈಮರ್ ಮಾತ್ರ ಪಂಪನ್ನು ನೋಡುತ್ತದೆ, ಇಷ್ಟು ಹೊತ್ತು ಸುರಿದರೂ ಅಂಕಿ ಏಕೆ ಏರಲಿಲ್ಲ ಎಂದು ಕೇಳುತ್ತದೆ. ಅದಕ್ಕೇ ಅದನ್ನು ಆಫ್ ಮಾಡಬಾರದು. ಬೆಳಗ್ಗೆ ತೊಂದರೆ ಕೊಡುತ್ತಿದ್ದರೆ, ಪಂಪ್ ಸರಿಯಾದ ಕಾರಣಕ್ಕೆ ಅತಿ ಹೆಚ್ಚು ಹೊತ್ತು ಓಡಿದ್ದು ಎಷ್ಟು ಎಂದು ದಾಖಲೆಯಲ್ಲಿ ನೋಡಿ, ಅದಕ್ಕಿಂತ ತುಸು ಮೇಲಕ್ಕೆ ಇಡಿ. ಇನ್ನೂ ಒಳ್ಳೆಯ ದಾರಿ ಎಂದರೆ ಮುಖ್ಯ ಪೈಪಿನ ಫ್ಲೋ ಮೀಟರಿಗೆ ತಕ್ಕಂತೆ ಡೋಸ್ ಏರಿಳಿಯುವಂತೆ ಮಾಡುವುದು. ಆಗ ಬೆಳಗಿನ ಏರಿಕೆಯ ಹೊರೆ ಅನಲೈಸರ್ ಮೇಲೆ ಬೀಳುವುದೇ ಇಲ್ಲ.

ಇನ್ನು ನಿಮ್ಮ ನಿಮಿಷಗಳ ಲೆಕ್ಕ. ಎಲ್ಲ ಅಲಾರಂಗಳಿಗೂ ಒಂದೇ ಡಿಲೇ ಎಂಬ ಯೋಚನೆಯೇ ಸರಿಯಲ್ಲ. ಸ್ಯಾಂಪಲ್ ಹರಿವು ನಿಂತರೆ ಕೂಗುವ ಫ್ಲೋ ಸ್ವಿಚ್ ಅಲಾರಂಗೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಅದು ಬಂದ ಕೂಡಲೇ ನಿಯಂತ್ರಕ ಸೆನ್ಸರ್ ಮಾತು ಕೇಳುವುದನ್ನು ಬಿಟ್ಟು, ಮೊದಲೇ ಗೊತ್ತುಮಾಡಿದ ಸುರಕ್ಷಿತ ಸ್ಥಿರ ಡೋಸಿಗೆ ಇಳಿಯಬೇಕು. ಪಂಪನ್ನು ಪೂರ್ತಿ ನಿಲ್ಲಿಸಿದರೆ ಸೋಂಕು ನಿವಾರಣೆಯಾಗದ ನೀರು ಮುಂದೆ ಹೋಗುತ್ತದೆ.

ಕಡಿಮೆ ಅಲಾರಂನ ಡಿಲೇಗೆ ಸ್ಯಾಂಪಲ್ ಪೈಪಿನಿಂದ ಲೆಕ್ಕ ಶುರುಮಾಡಿ. 6 ಮಿಲಿಮೀಟರ್ ಒಳವ್ಯಾಸದ 20 ಮೀಟರ್ ಪೈಪಿನಲ್ಲಿ ಸುಮಾರು 565 ಮಿಲಿಲೀಟರ್ ನೀರು ಹಿಡಿಯುತ್ತದೆ. ನಿಮಿಷಕ್ಕೆ 200 ಮಿಲಿಲೀಟರ್ ಹರಿದರೆ, ಅನಲೈಸರ್ ಈಗ ನೋಡುತ್ತಿರುವುದು ಹೆಚ್ಚುಕಡಿಮೆ ಮೂರು ನಿಮಿಷ ಹಳೆಯ ನೀರು. ಡಿಪಿಡಿ ಬಣ್ಣದಿಂದ ಅಳೆಯುವ, ಎರಡೂವರೆ ನಿಮಿಷಕ್ಕೊಮ್ಮೆ ಅಂಕಿ ಕೊಡುವ ಬಗೆಯ ಅನಲೈಸರ್ ನಿಮ್ಮದಾಗಿದ್ದರೆ, ಎರಡು ನಿಮಿಷದ ಡಿಲೇಯಿಂದ ಏನೂ ಆಗದು, ಒಂದೇ ಅಂಕಿಯ ಮೇಲೆ ಅಲಾರಂ ಬರುತ್ತದೆ. ಮುಂದಿನ ಅಂಕಿಯೂ ಅದನ್ನೇ ಹೇಳುತ್ತದೆಯೇ ಎಂದು ನೋಡಿ ಕೂಗಲು ಮೂರು ನಿಮಿಷ ಬೇಕು, ಎರಡು ಸಲ ಖಚಿತವಾಗಬೇಕೆಂದರೆ ಆರು. ಅದರ ಮೇಲೆ ಪೈಪಿನ ಮೂರು ನಿಮಿಷ, ಮನುಷ್ಯ ಬಂದು ಕೈಹಾಕಲು ಬೇಕಾದ ಹೊತ್ತು. ಈ ಮೊತ್ತ ಘಟಕದಿಂದ ಮೊದಲ ಬಳಕೆದಾರರನ್ನು ನೀರು ತಲುಪುವ ಸಮಯಕ್ಕಿಂತ ಕಡಿಮೆ ಇರಲೇಬೇಕು. ನೀವು ಹೇಳುವ ಇಪ್ಪತ್ತು ನಿಮಿಷ ಈ ಲೆಕ್ಕದಲ್ಲಿ ನಿಲ್ಲುತ್ತದೆಯೇ ಎಂಬುದನ್ನು ನಿಮ್ಮ ಪೈಪುಗಳ ಅಳತೆಯೇ ಹೇಳುತ್ತದೆ, ನಾನಲ್ಲ.

ಅಲಾರಂ ಬಂದು ಹೋಗಿ ಬಂದು ಹೋಗಿ ಪೀಡಿಸುತ್ತಿದ್ದರೆ ಮೊದಲು ನೋಡಬೇಕಾದದ್ದು ಡೆಡ್‌ಬ್ಯಾಂಡ್, ಅಂದರೆ ಅಲಾರಂ ಹುಟ್ಟುವ ಅಂಕಿಗೂ ಅಡಗುವ ಅಂಕಿಗೂ ನಡುವಿನ ಅಂತರ. 0.30ಕ್ಕೆ ಹುಟ್ಟಿದ ಅಲಾರಂ 0.31ಕ್ಕೇ ಅಡಗಿದರೆ ಅದು ಮತ್ತೆ ಹುಟ್ಟುವುದು ಖಂಡಿತ. ಅಂಕಿ ಸಹಜವಾಗಿ ಎಷ್ಟು ಅಲುಗುತ್ತದೆ ಎಂದು ನೋಡಿ, ಅದಕ್ಕಿಂತ ಅಗಲವಾಗಿ, 0.36ಕ್ಕೋ 0.38ಕ್ಕೋ ಅಡಗುವಂತೆ ಇಡಿ. ಪಿಎಚ್ ಕೂಡ ನೋಡಿ. ಪಿಎಚ್ ಏರಿದಂತೆ, ನೀರಿನಲ್ಲಿ ಕ್ಲೋರಿನ್ ತಾಳುವ ಒಂದು ರೂಪವಾದ ಹೈಪೊಕ್ಲೋರಸ್ ಆಮ್ಲ ಹೈಪೊಕ್ಲೋರೈಟ್ ಅಯಾನಾಗಿ ಬದಲಾಗುತ್ತದೆ, 7.5ರ ಸುಮಾರಿಗೆ ಎರಡೂ ಸರಿಸಮ. ಪಿಎಚ್ ಹೊಂದಾಣಿಕೆ ಇಲ್ಲದ ಆಂಪೆರೊಮೆಟ್ರಿಕ್ ಸೆನ್ಸರ್ ಹೆಚ್ಚಾಗಿ ಆಮ್ಲದ ರೂಪವನ್ನೇ ಗುರುತಿಸುವುದರಿಂದ, ಕ್ಲೋರಿನ್ ಇದ್ದಷ್ಟೇ ಇದ್ದರೂ ಅಂಕಿ ಇಳಿಯುತ್ತದೆ.

ಉಳಿದ ಟೈಮರ್‌ಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಣ್ಣದ ಬಗೆಯ ಅನಲೈಸರಿನಲ್ಲಿ ರಾಸಾಯನಿಕ ಬಾಟಲಿ ಬದಲಿಸುವ ಹೊತ್ತನ್ನು ಎಣಿಸುವ ಟೈಮರನ್ನು ಬಾಟಲಿ ಬದಲಿಸಿದಾಗಷ್ಟೇ ರೀಸೆಟ್ ಮಾಡಿ, ಅಲಾರಂ ಅಡಗಿಸಲೆಂದು ಮಾಡಬೇಡಿ. ಕ್ಯಾಲಿಬ್ರೇಷನ್ ವೇಳೆ ಸಂಕೇತವನ್ನು ಹಿಡಿದಿಡುವ ಹೋಲ್ಡ್‌ಗೆ ಕೊನೆಯ ಅವಧಿ ಕೊಡಿ, ಇಲ್ಲದಿದ್ದರೆ ಮರೆತ ಹೋಲ್ಡ್ ಹಳೆಯ ಅಂಕಿಯನ್ನೇ ತೋರಿಸುತ್ತಾ ಕೂರುತ್ತದೆ. ಅನಲೈಸರ್ ತನ್ನ ಅಂಕಿಯನ್ನು ನಿಯಂತ್ರಕಕ್ಕೆ ಕಳಿಸುವ 4–20 ಮಿಲಿಆಂಪ್ ವಿದ್ಯುತ್ ಸಂಕೇತದಲ್ಲಿ, ಉಪಕರಣ ಕೆಟ್ಟಿದೆ ಎಂದು ತಿಳಿಸುವ ದೋಷದ ಮಟ್ಟವನ್ನು 4ಕ್ಕೆ ಇಡಬೇಡಿ. 4 ಎಂದರೆ ಕ್ಲೋರಿನ್ ಸೊನ್ನೆ ಎಂದೇ ನಿಯಂತ್ರಕ ಓದುತ್ತದೆ, ಪಂಪ್ ಮತ್ತೆ ಓಡುತ್ತದೆ. 3.6ಕ್ಕಿಂತ ಕೆಳಗೆ ಇಟ್ಟು, ಅದನ್ನು ದೋಷವೆಂದು ಗುರುತಿಸಲು ನಿಯಂತ್ರಕಕ್ಕೂ ಹೇಳಿಕೊಡಿ. ಅಲಾರಂ ರಿಲೇ, ಅಂದರೆ ಅಲಾರಂ ಕೂಗಿಸುವ ವಿದ್ಯುತ್ ಸ್ವಿಚ್, ಸಹಜ ಸ್ಥಿತಿಯಲ್ಲಿ ವಿದ್ಯುತ್ ಪಡೆದಿರಲಿ. ಆಗ ತಂತಿ ತುಂಡಾದರೂ, ವಿದ್ಯುತ್ ಹೋದರೂ ಅಲಾರಂ ಬರುತ್ತದೆ.

ಎಲ್ಲ ಮುಗಿದ ಮೇಲೆ ಮೆನುವಿನ ಟೆಸ್ಟ್ ಗುಂಡಿ ಒತ್ತಿ ತೃಪ್ತಿಪಡಬೇಡಿ. ಅದು ರಿಲೇಯನ್ನಷ್ಟೇ ಪರೀಕ್ಷಿಸುತ್ತದೆ. ಪಾಳಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸ್ಯಾಂಪಲ್ ಕವಾಟವನ್ನು ನಿಜವಾಗಿಯೂ ಮುಚ್ಚಿ, ಯಾವ ಅಲಾರಂ ಮೊದಲು ಬರುತ್ತದೆ, ಪಂಪ್ ಏನು ಮಾಡುತ್ತದೆ ಎಂದು ನೋಡಿ. ಆಮೇಲೆ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆದ ನೀರನ್ನು ಅನಲೈಸರಿಗೆ ಕೊಟ್ಟು ಕಡಿಮೆ ಅಲಾರಂಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆದುಕೊಳ್ಳಿ.

ನಿಮ್ಮ ಅನಲೈಸರ್ ಬಣ್ಣದ ಬಗೆಯದೋ ಆಂಪೆರೊಮೆಟ್ರಿಕ್ ಬಗೆಯದೋ, ಸ್ಯಾಂಪಲ್ ಪೈಪಿನ ಉದ್ದ ಎಷ್ಟು, ಫ್ಲೋ ಸ್ವಿಚ್ ಇದೆಯೇ ಎಂಬುದನ್ನು ತಿಳಿಸಿ. ನಿಮಿಷಗಳ ಲೆಕ್ಕವನ್ನು ನಿಮ್ಮ ಜೊತೆ ಕೂತು ಮಾಡಿಕೊಡುತ್ತೇನೆ.