ಫ್ರೆಂಚ್ ಭೂತಕಾಲದಲ್ಲಿ ‘ಪಾ’ ಎಲ್ಲಿ ಕೂರಬೇಕು?

‘ಜ ನೇ ಮಾಂಜೇ ಪಾ’ (ನಾನು ತಿನ್ನಲಿಲ್ಲ ಎನ್ನಲು ‘ಪಾ’ವನ್ನು ತುದಿಗೆ ಇಟ್ಟದ್ದು) ತಪ್ಪಾದರೆ, ‘ಜ ನೇ ವ್ಯು ಪೆರ್ಸೊನ್’ (ನಾನು ಯಾರನ್ನೂ ನೋಡಲಿಲ್ಲ) ಹೇಗೆ ಸರಿ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ.

ಮೊದಲು ಸುಲಭದ್ದನ್ನು ಮುಗಿಸೋಣ. ಪಾಸೇ ಕೊಂಪೋಝೇಯಲ್ಲಿ (ಸಹಾಯಕ ಕ್ರಿಯಾಪದ, ಕೃದಂತ ಎರಡೂ ಸೇರಿ ಆಗುವ ಭೂತಕಾಲ) ‘ನ’, ‘ಪಾ’ ಎಂಬ ಎರಡು ತುಂಡಿನ ನಿಷೇಧ ಸುತ್ತಿಕೊಳ್ಳುವುದು ಸಹಾಯಕ ಕ್ರಿಯಾಪದವನ್ನು (‘ಏ’, ‘ಸ್ವಿ’), ಕೃದಂತವನ್ನಲ್ಲ (‘ಮಾಂಜೇ’, ‘ಅಲೇ’). ‘ನ’ಕ್ಕೆ ‘ಏ’ ಸೇರಿದಾಗ ‘ನೇ’ ಆಗುತ್ತದೆ. ಹಾಗಾಗಿ ‘ಜ ನೇ ಪಾ ಮಾಂಜೇ’ (ತಿನ್ನಲಿಲ್ಲ), ‘ಜ ನ ಸ್ವಿ ಪಾ ಅಲೇ’ (ಹೋಗಲಿಲ್ಲ). ಕನ್ನಡದಲ್ಲಿ ‘ಇಲ್ಲ’ ತುದಿಗೆ ಬರುವುದರಿಂದ ನಮ್ಮ ಕೈ ‘ಪಾ’ವನ್ನೂ ತುದಿಗೇ ಒಯ್ಯುತ್ತದೆ, ಅಷ್ಟೇ. ಸರ್ವನಾಮ ಬಂದರೆ ಅದು ಸಹಾಯಕ ಕ್ರಿಯಾಪದಕ್ಕೆ ಅಂಟಿಕೊಂಡು ಒಳಗೇ ಇರುತ್ತದೆ: ‘ಜ ನ ಲೇ ಪಾ ವ್ಯು’ (ಅವನನ್ನು ನೋಡಲಿಲ್ಲ), ‘ಜ ನ ಮ ಸ್ವಿ ಪಾ ಲವೇ’ (ನಾನು ಏಳಲಿಲ್ಲ).

‘ಜಾಮೇ’ (ಎಂದೂ), ‘ಪ್ಲ್ಯು’ (ಇನ್ನು ಮುಂದೆ), ‘ಪಾಝಾಂಕೋರ್’ (ಇನ್ನೂ) ಇವೂ ‘ಪಾ’ ಇರುವ ಜಾಗದಲ್ಲೇ ಕೂರುತ್ತವೆ. ‘ರ್ಯಾಂ’ (ಏನೂ) ಕೂಡ ಅಲ್ಲಿಯೇ: ‘ಜ ನೇ ರ್ಯಾಂ ವ್ಯು’. ನಿಮ್ಮನ್ನು ಕಾಡಿದ ‘ಪೆರ್ಸೊನ್’ ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ಅದು ವಾಕ್ಯದಲ್ಲಿ ಸಾಮಾನ್ಯ ಕರ್ಮಪದದಂತೆ ನಡೆದುಕೊಳ್ಳುತ್ತದೆ. ‘ಜೇ ವ್ಯು ಪಾಲ್’ ಎನ್ನುವಾಗ ಪಾಲ್ ನಿಲ್ಲುವ ಕಡೆಯಲ್ಲೇ, ಕೃದಂತದ ನಂತರ ನಿಲ್ಲುತ್ತದೆ. ‘ನ್ಯುಲ್ ಪಾರ್’ (ಎಲ್ಲಿಯೂ) ಕೂಡ ಹೀಗೆಯೇ: ‘ಜ ನ ಸ್ವಿ ಅಲೇ ನ್ಯುಲ್ ಪಾರ್’. ಕರ್ತೃವಾದಾಗ ‘ಪೆರ್ಸೊನ್’, ‘ರ್ಯಾಂ’ ಮೊದಲಿಗೇ ಬರುತ್ತವೆ: ‘ಪೆರ್ಸೊನ್ ನೆ ವನ್ಯು’ (ಯಾರೂ ಬರಲಿಲ್ಲ). ಇಲ್ಲಿ ‘ಪಾ’ ಸೇರಿಸಬೇಡಿ. ಹಾಗೆ ಸೇರಿಸಿದರೆ ತಿದ್ದುವವರ ಕೆಂಪು ಪೆನ್ನು ಖಂಡಿತ ಏಳುತ್ತದೆ.

ಇನ್ನೊಂದು: ‘ಜೇ ಅಶ್ತೇ ದ್ಯು ಪ್ಯಾಂ’ (ಬ್ರೆಡ್ ಕೊಂಡೆ) ಎನ್ನುವುದನ್ನು ನಿಷೇಧಕ್ಕೆ ತಿರುಗಿಸಿದಾಗ ‘ದ್ಯು’ ಹೋಗಿ ‘ದ’ ಬರುತ್ತದೆ: ‘ಜ ನೇ ಪಾ ಅಶ್ತೇ ದ ಪ್ಯಾಂ’. ಅಭ್ಯಾಸ ಮಾಡುವಾಗ ವಾಕ್ಯದಲ್ಲಿ ಸಹಾಯಕ ಕ್ರಿಯಾಪದಕ್ಕೆ ಅಡಿಗೆರೆ ಎಳೆದು, ಆಮೇಲೆ ಎರಡೂ ಕಡೆ ಏನು ಬೇಕೆಂದು ನೋಡಿ. ನಿಯಮ ಉರುಹೊಡೆಯುವುದಕ್ಕಿಂತ ಇದು ಬೇಗ ಕೈಹಿಡಿಯುತ್ತದೆ.

ಚಲನಚಿತ್ರ ನೋಡಿ ಕಲಿಯುವವರು ಗಮನಿಸಿ: ಮಾತಿನಲ್ಲಿ ‘ನ’ ಬಿಟ್ಟು ‘ಜೇ ಪಾ ಮಾಂಜೇ’ ಎನ್ನುವುದು ದಿನನಿತ್ಯದ ಫ್ರೆಂಚ್. ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಬರವಣಿಗೆಯಲ್ಲಿ ಬಿಡಬೇಡಿ. ‘ಓನ್ ನಾ ಪಾ ವ್ಯು’ (ನಾವು ನೋಡಲಿಲ್ಲ) ಎಂಬಲ್ಲಂತೂ ವಿಶೇಷ ಎಚ್ಚರ ಬೇಕು, ‘ಓನ್’ ಪದದ ಕೊನೆಯ ‘ನ್’ ಮುಂದಿನ ಸ್ವರಕ್ಕೆ ಸೇರಿ ಉಚ್ಚಾರವಾಗುವುದರಿಂದ ನಿಷೇಧದ ‘ನ’ ಇದ್ದರೂ ಇಲ್ಲದಿದ್ದರೂ ಕಿವಿಗೆ ಒಂದೇ ಕೇಳುತ್ತದೆ.