ದೊಡ್ಡಪ್ಪನ ಕ್ಯಾಸಿನೊ ಚಿಪ್‌ಗಳನ್ನು ಗ್ರೇಡ್ ಮಾಡಿಸಿ ಸೀಲ್ ಹಾಕಿಸಬೇಕಾ?

ನಿಮ್ಮ ದೊಡ್ಡಪ್ಪ 1989ರಲ್ಲಿ ಲಾಸ್ ವೇಗಸ್‌ನಿಂದ ತಂದಿದ್ದ ಹನ್ನೊಂದು ಚಿಪ್ (ಜೂಜಿನ ಮೇಜಿನಲ್ಲಿ ದುಡ್ಡಿನ ಬದಲು ಇಡೋ ಬಿಲ್ಲೆ) ಬೀರುವಿನಲ್ಲಿ ಸಿಕ್ಕಿವೆ, ಅದರಲ್ಲಿ ಡ್ಯೂನ್ಸ್, ಸ್ಯಾಂಡ್ಸ್ ಕ್ಯಾಸಿನೊಗಳವೂ ಇವೆ, ಅಮೆರಿಕಕ್ಕೆ ಕಳಿಸಿ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಗ್ರೇಡ್ ಹಾಕಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿದರೆ ಬೆಲೆ ಏರುತ್ತಾ ಅಂತ ಕೇಳಿದ್ದೀರಿ. ಒಂದೆರಡಕ್ಕೆ ಏರಬಹುದು. ಮಿಕ್ಕವಕ್ಕೆ ಶುಲ್ಕ, ಹೋಗಿ ಬರೋ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿದರೆ ಚಿಪ್‌ಗಿಂತ ಡಬ್ಬಿಯೇ ದುಬಾರಿ.

ನಾನು ಬಸವನಗುಡಿಯವನು, ನಾಣ್ಯದ ಹುಚ್ಚಿನಿಂದ ಚಿಪ್‌ನ ಹುಚ್ಚಿಗೆ ಜಾರಿದವನು. ನಾಣ್ಯದವರಿಗೆ ಈ ಡಬ್ಬಿ ಹಳೇ ಪರಿಚಯ. ನಾಣ್ಯಕ್ಕೆ ಗ್ರೇಡ್ ಹಾಕೋ ಅಮೆರಿಕದ ಕಂಪನಿಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು, 1ರಿಂದ 70ರವರೆಗೆ ಅಂಕ ಕೊಡುತ್ತವೆ. ಅಲ್ಲಿ ಅದು ಸರಿಯೇ. ಟಂಕಸಾಲೆಯಿಂದ ಹೊರಬಿದ್ದಾಗ ರಾಜನ ಕಿರೀಟ ಎಷ್ಟು ಚೂಪಾಗಿತ್ತು ಅಂತ ಗೊತ್ತಿರೋದರಿಂದ ಈಗೆಷ್ಟು ಸವೆದಿದೆ ಅಂತ ಹೇಳಬಹುದು.

ಚಿಪ್ ಹುಟ್ಟಿರೋದೇ ಮೇಜಿನ ಮೇಲೆ ಉಜ್ಜಾಡಿ ಸವೆಯಲಿಕ್ಕೆ. ಸುಮಾರು 39 ಮಿ.ಮೀ. ಅಗಲದ ಬಿಲ್ಲೆ. ಹಳೇ ಕ್ಲೇ (ಜೇಡಿಮಣ್ಣು ಬೆರೆಸಿದ) ಚಿಪ್‌ನಲ್ಲಿ ಅಂಚಿನ ಬಣ್ಣದ ತುಂಡುಗಳು ಮೇಲೆ ಬಳಿದದ್ದಲ್ಲ, ಅಚ್ಚಿನಲ್ಲೇ ಒತ್ತಿ ಕೂರಿಸಿದ್ದು. ಓರೆಯಾಗಿ ತಿರುಗಿಸಿದರೆ ಮುಖದ ಬಣ್ಣ ತುಂಡಾಗದೆ ಅಂಚಿನ ಮೇಲೆ ಇಳಿದಿರುತ್ತೆ. ಅಸಲಿಯೋ ನಕಲಿಯೋ, ಎಷ್ಟು ಆಡಿದೆಯೋ, ನಾವು ಮೊದಲು ನೋಡೋದು ಅಲ್ಲೇ. ಡಬ್ಬಿಗೆ ಹಾಕಿದಾಗ ಮುಚ್ಚಿಹೋಗೋದೂ ಅದೇ.

ಈ ಪಾಠಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ಒಬ್ಬರಿಂದ ಒಳ್ಳೆ ಗ್ರೇಡಿನ ಸೀಲ್ ಚಿಪ್ ಕೊಂಡೆ. ಒಳಗಿನ ಕಪ್ಪು ರಬ್ಬರ್ ಬಳೆ ಅಂಚನ್ನು ಪೂರ್ತಿ ಅಪ್ಪಿಕೊಂಡಿತ್ತು. ಒಂದು ಭಾನುವಾರ ತಡೆಯಲಾರದೆ ಆಕ್ಸಾ ಬ್ಲೇಡ್ ಹಿಡಿದು ಕೂತೆ. "ಡಬ್ಬಿಗೆ ಅಂತ ಜಾಸ್ತಿ ದುಡ್ಡು ಕೊಟ್ಟು ಈಗ ಡಬ್ಬಿನೇ ಕೊಯ್ತಿದೀರಲ್ಲ" ಅಂದಳು ಹೆಂಡತಿ. ಬಳೆ ಬಿಚ್ಚಿದರೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕು.

ಸೀಲ್ ಪರ ಇರೋರ ಮಾತನ್ನೂ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ಮಂಕಾದ ಚಿಪ್‌ಗೆ ಎಣ್ಣೆ ಸವರಿ ಬಣ್ಣ ಬರಿಸಿ ಮಾರೋರಿದ್ದಾರೆ. ಸಾವಿರಾರು ಮೈಲಿ ದೂರದಿಂದ ಫೋಟೋ ನೋಡಿ ಕೊಳ್ಳೋರಿಗೆ ಮೂರನೆಯವರೊಬ್ಬರು ಪರೀಕ್ಷಿಸಿದ್ದಾರೆ ಅನ್ನೋದೇ ಧೈರ್ಯ. ಅಪರೂಪದ, ದುಬಾರಿ ಚಿಪ್ ಮಾರಲೇಬೇಕಿದ್ದರೆ ನಾನೂ ಸೀಲ್ ಮಾಡಿಸುತ್ತೇನೆ. ಮನೆಯಲ್ಲಿ ಇಟ್ಟುಕೊಳ್ಳೋದಕ್ಕಾದರೆ ಖಂಡಿತ ಇಲ್ಲ. ಎರಡು ಚಿಪ್ ತಾಗಿಸಿದಾಗ ಬರೋ ಸದ್ದು ಕೇಳದಿದ್ದ ಮೇಲೆ ಇಟ್ಟುಕೊಂಡು ಏನು ಮಾಡೋದು?

ಅಂದಹಾಗೆ, ಲಾಸ್ ವೇಗಸ್ ಇರೋ ನೆವಾಡಾ ರಾಜ್ಯದ ನಿಯಮದಲ್ಲಿ ಚಿಪ್ ಕ್ಯಾಸಿನೊದ ಆಸ್ತಿಯೇ, ನಮ್ಮ ಕೈಲಿರೋದು ಅವರು ಕೊಡಬೇಕಾದ ಸಾಲದ ಗುರುತು ಅಷ್ಟೇ. ನೀವು ಹೆಸರಿಸಿದ ಡ್ಯೂನ್ಸ್ ಕಟ್ಟಡವನ್ನು 1993ರಲ್ಲಿ, ಸ್ಯಾಂಡ್ಸ್ ಅನ್ನು 1996ರಲ್ಲಿ ಉರುಳಿಸಿದರು. ಸಾಲಗಾರನೇ ಇಲ್ಲದ ಸಾಲಪತ್ರ! ನಿಮ್ಮ ಹನ್ನೊಂದರಲ್ಲಿ ಮೊದಲು ಬೇರೆ ಮಾಡಿಡಬೇಕಾದ್ದು ಈ ಎರಡು ಕ್ಯಾಸಿನೊಗಳ ಚಿಪ್‌ಗಳನ್ನೇ.

ತೊಳೆಯಬೇಡಿ, ಉಜ್ಜಬೇಡಿ. ಚಿನ್ನದ ಬಣ್ಣದ ಅಕ್ಷರ ಒತ್ತಿದ್ದರಂತೂ ಸೋಪು ತಾಗಿಸಲೇಬೇಡಿ, ಅಕ್ಷರವೇ ಎದ್ದುಬರಬಹುದು. ನಾಣ್ಯದವರ ಹತ್ತಿರ ಸಿಗೋ, ತೆಗೆದು ಮುಚ್ಚಬಹುದಾದ ದುಂಡು ಕ್ಯಾಪ್ಸೂಲ್ ಸಾಕು. ಕಿಟಕಿ ಬೆಳಕಲ್ಲಿ ಎರಡೂ ಮುಖ, ಸುತ್ತಲಿನ ಅಂಚು ಕಾಣೋ ಹಾಗೆ ಫೋಟೋ ತೆಗೆದು ಇಲ್ಲೇ ಹಾಕಿ. ಯಾವುದಕ್ಕೆ ಸೀಲ್ ಬೇಕು ಅಂತ ಆಮೇಲೆ ಮಾತಾಡೋಣ.